ವಿಜಯಮ್ಮ ತೋರಿಸದ ಚಿತ್ರ

ದೋಹಾದ ಹಲವು ದೊಡ್ಡ ಮನೆಗಳಲ್ಲಿ ವಿಜಯಮ್ಮ ಬರೆದ ಭಾವಚಿತ್ರಗಳಿವೆ. ಅವುಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ಇದನ್ನು ಓದುವವರೂ ನೋಡುವುದಿಲ್ಲ. ಅವರ ಗಂಡ ಲಕ್ಷ್ಮೀಪತಿಯವರೇ ನೋಡಿಲ್ಲ. ಅವೆಲ್ಲ ಆ ಮನೆಗಳ ಹೆಂಗಸರ ಚಿತ್ರಗಳು. ಹೆಂಗಸರು ಮಾತ್ರ ಕೂರುವ ಒಳಗಿನ ಮಜ್ಲಿಸ್ ಕೋಣೆಯಲ್ಲಿ ಅವನ್ನು ತೂಗುಹಾಕಿರುತ್ತಾರೆ. ಹೊರಗಿನ ಗಂಡಸರು ಅಲ್ಲಿಗೆ ಹೋಗುವಂತಿಲ್ಲ. ವಿಜಯಮ್ಮ ಹೋಗುವಾಗ ತಮ್ಮ ಫೋನನ್ನು ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ.

ಅಲ್ ಮುಂತಜಾದ ಹಳೆಯ ಕಟ್ಟಡವೊಂದರಲ್ಲಿ ಅವರ ಮನೆ. ಅದೇ ಕಟ್ಟಡದ ಕೆಲವರು, "ನಿಜವಾಗ್ಲೂ ಚಿತ್ರ ಬರೀತಾರೋ, ಇಲ್ಲ ಆ ಮನೆಗಳಲ್ಲಿ ಬೇರೆ ಏನಾದ್ರೂ ಕೆಲಸ ಮಾಡ್ತಾರೋ" ಎಂದು ಲಿಫ್ಟಿನಲ್ಲಿ ಮಾತಾಡಿಕೊಂಡದ್ದುಂಟು. ಅದು ವಿಜಯಮ್ಮನ ಕಿವಿಗೂ ಬಿದ್ದಿದೆ. ಅವರು ಯಾರಿಗೂ ಉತ್ತರ ಕೊಡಲಿಲ್ಲ. ಉತ್ತರ ಕೊಡಬೇಕಾದ ಅಗತ್ಯವಿಲ್ಲ ಎಂಬುದು ಅವರ ಅಭಿಪ್ರಾಯ. ನನ್ನದೂ ಅದೇ.

ವಿಜಯಮ್ಮ ಮೈಸೂರಿನವರು. ತಂದೆ ಮುದ್ದುಕೃಷ್ಣ ಅಲ್ಲಿನ ಒಂದು ಫೋಟೋ ಸ್ಟುಡಿಯೋದಲ್ಲಿ ರೀಟಚ್ ಕೆಲಸ ಮಾಡುತ್ತಿದ್ದರು. ಆಗ ಫೋಟೋಗಳೆಲ್ಲ ಕಪ್ಪು ಬಿಳುಪು. ಇಳಿಜಾರಾದ ಒಂದು ಮೇಜು, ಅದರ ನಡುವೆ ಗಾಜು, ಗಾಜಿನ ಕೆಳಗೆ ಬೆಳಕು ಬೀಳುವ ಹಾಗೆ ಇಟ್ಟ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪಾದ ಪೆನ್ಸಿಲ್‌ನಿಂದ ಮುಖದ ಕಲೆಗಳನ್ನು ಒಂದೊಂದಾಗಿ ತುಂಬಬೇಕು. ಸಿಡುಬಿನ ಗುಳಿ, ಹಣೆಯ ಗೆರೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವೂ ಹೋಗಬೇಕು. ಪ್ರಿಂಟ್ ಆದ ಮೇಲೆ ಹತ್ತಿಯನ್ನು ಬಣ್ಣದಲ್ಲಿ ಅದ್ದಿ ಕೆನ್ನೆಗೆ, ತುಟಿಗೆ, ಸೀರೆಯ ಅಂಚಿಗೆ ಹಚ್ಚಬೇಕು. ಅರಮನೆಯ ನಂಟಿದ್ದ ಮನೆಗಳವರೂ ಆ ಸ್ಟುಡಿಯೋಗೆ ಬರುತ್ತಿದ್ದರು. ಜರಿಪೇಟ ಕಟ್ಟಿಕೊಂಡು ಕುಳಿತ ಎಷ್ಟೋ ಜನರ ಮುಖ ಮುದ್ದುಕೃಷ್ಣರ ಕೈಯಲ್ಲಿ ಚೆಂದವಾಯಿತು. ಫೋಟೋದ ಹಿಂಭಾಗದಲ್ಲಿ ಸ್ಟುಡಿಯೋದ ಮೊಹರು ಮಾತ್ರ ಇರುತ್ತಿತ್ತು.

ಮಗಳು ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಕೆಟ್ಟುಹೋದ ನೆಗೆಟಿವ್‌ಗಳ ಮೇಲೆ ಕೈ ಪಳಗಿಸಿಕೊಂಡಳು.

"ಬಣ್ಣ ಹಚ್ಚಿದ ಮೇಲೆ ಮುಖದಲ್ಲಿ ನೀಲಿ ಕಂಡ್ರೆ ಮೊದ್ಲು ತೆಗಿ ಮಗಳೇ," ಎಂದು ತಂದೆ ಹೇಳಿಕೊಟ್ಟಿದ್ದರು. "ಮನುಷ್ಯರ ಮುಖದಲ್ಲಿ ನೀಲಿ ಇರಲ್ಲ. ಅದು ನೆರಳಿನ ತಪ್ಪು."

"ನಿಮ್ಮ ಹೆಸರು ಯಾಕಪ್ಪ ಹಾಕಲ್ಲ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಮುಖ ಅವರದು, ಫೋಟೋ ಸ್ಟುಡಿಯೋದು. ನನ್ನದೇನಿದೆ ಅದ್ರಲ್ಲಿ, ಪೆನ್ಸಿಲ್ ಪುಡಿ."

ಆ ಮಾತನ್ನು ವಿಜಯಮ್ಮ ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬಣ್ಣದ ಫಿಲಂ ಬಂದು ರೀಟಚ್ ಕೆಲಸ ನಿಂತಾಗ ಮುದ್ದುಕೃಷ್ಣರನ್ನು ಸ್ಟುಡಿಯೋದವರು ಮನೆಗೆ ಕಳಿಸಿದರು. ತೋರಿಸಿಕೊಳ್ಳಲು ಅವರ ಹತ್ತಿರ ಹೆಸರಿರುವ ಒಂದೇ ಒಂದು ಫೋಟೋ ಇರಲಿಲ್ಲ.

ಮದುವೆಯಾದ ಮೇಲೆ ವಿಜಯಮ್ಮ ದೋಹಾಕ್ಕೆ ಬಂದರು. ಲಕ್ಷ್ಮೀಪತಿಯವರದು ಹಡಗಿನ ಸರಕಿನ ಕಾಗದಪತ್ರ ನೋಡುವ ಕೆಲಸ. ಈಗ ದಿನವೂ ಕಂಪನಿಯ ವ್ಯಾನಿನಲ್ಲಿ ಹಮದ್ ಬಂದರಿಗೆ ಹೋಗಿ ಬರುತ್ತಾರೆ. ಬಹಳ ವರ್ಷ ವಿಜಯಮ್ಮ ಮನೆಯ ಹಾಲಿನಲ್ಲಿ ಕನ್ನಡದ, ಮಲಯಾಳದ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಿದ್ದರು. ಮಕ್ಕಳು ಮನೆ, ಮರ, ಸೂರ್ಯ ಬರೆಯುವಾಗ ಅವರು ಮಕ್ಕಳ ಮುಖ ಬರೆಯುತ್ತಿದ್ದರು.

ಆ ಮಕ್ಕಳಲ್ಲಿ ಒಬ್ಬಳು ಲ್ಯಾನ್ಸ್‌ಲಾಟ್ ಅವರ ಮಗಳು. ಲ್ಯಾನ್ಸ್‌ಲಾಟ್ ಮಂಗಳೂರಿನವರು. ದೊಡ್ಡ ವಿಲ್ಲಾಗಳ ಒಳಾಂಗಣ ಅಲಂಕಾರ ಮಾಡುವ ಕಂಪನಿಯೊಂದರಲ್ಲಿ ಮ್ಯಾನೇಜರ್. ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು.

"ಆಂಟಿ, ನಿಮ್ಗೆ ಮುಖ ಬರ್ತದಾ? ಒಂದು ಮನೆಯ ಲೇಡೀಸ್‌ಗೆ ಪೋರ್ಟ್ರೇಟ್ ಬೇಕಂತೆ. ನಮ್ಮಲ್ಲಿ ಇರುವ ಆರ್ಟಿಸ್ಟುಗಳು ಎಲ್ಲ ಗಂಡಸರು. ಗೇಟು ದಾಟ್ಲಿಕ್ಕೆ ಬಿಡುದಿಲ್ಲ ಮಾರಾಯ್ರೆ."

"ನಂಗೆ ಬರೋದು ಅದೊಂದೇ," ಎಂದರು ವಿಜಯಮ್ಮ. ಹೀಗೆ ಅವರು ಆ ಕಂಪನಿಗೆ ಸೇರಿದರು.

ಮುಖದ ಚಿತ್ರವನ್ನೇ ಇಟ್ಟುಕೊಳ್ಳದ ಮನೆಗಳು ಇಲ್ಲಿ ಬಹಳ. ಇಟ್ಟುಕೊಳ್ಳುವ ಮನೆಗಳಲ್ಲೂ ಹೆಂಗಸರ ಚಿತ್ರ ಒಳಗೇ ಇರುತ್ತದೆ. ಕೆಲಸದ ನಿಯಮಗಳು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಫೋಟೋ ನೋಡಿ ಬರೆಯುವಂತಿಲ್ಲ, ಏಕೆಂದರೆ ಫೋಟೋ ಮನೆಯಿಂದ ಹೊರಗೆ ಬರುವುದಿಲ್ಲ. ಎದುರಿಗೆ ಕೂರಿಸಿಕೊಂಡು ಅಲ್ಲೇ ಬರೆಯಬೇಕು. ಪೆನ್ಸಿಲ್‌ನಲ್ಲಿ ಮೊದಲು ಹಾಕಿಕೊಂಡ ಗೆರೆಯ ಹಾಳೆಗಳನ್ನು ಅಲ್ಲೇ ಹರಿದು ಕೊಟ್ಟು ಬರಬೇಕು. ಫ್ರೇಮಿನ ಕೆಲಸದವರು ಅಳತೆ ನೋಡಿ ಫ್ರೇಮು ಮಾಡುತ್ತಾರೆ. ಅದನ್ನು ಒಳಗೆ ಕೊಂಡುಹೋಗಿ ಜೋಡಿಸಿ, ಮೊಳೆ ಹೊಡೆದು, ಚಿತ್ರ ತೂಗುಹಾಕುವುದೂ ವಿಜಯಮ್ಮನ ಕೆಲಸವೇ. ಸೀರೆಯ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತುತ್ತಿದ್ದರು.

ಕಂಪನಿಯ ಆಫೀಸಿನಲ್ಲಿ ಒಂದು ದಪ್ಪ ಪುಸ್ತಕವಿತ್ತು. ಹಳೆಯ ಕಾಲದ ಜರ್ಮನಿಯ ಅರಮನೆಗಳಲ್ಲಿ ಬರೆದ ಭಾವಚಿತ್ರಗಳ ಪುಸ್ತಕ. ಮುತ್ತಿನ ಸರ, ಬಲೆಬಲೆಯ ಕಾಲರು, ಮೇಜಿನ ಮೇಲೆ ಊರಿದ ಕೈ. "ಈ ಕೈ ಇರುವ ಹಾಗೆ ನನ್ನ ಕೈ ಇರಲಿ, ಈ ಕುರ್ಚಿ ಬೇಡ" ಎಂದು ಮನೆಗಳವರು ಅದನ್ನು ನೋಡಿ ಆರಿಸುತ್ತಿದ್ದರು. ಅದರಲ್ಲಿ ಬಹುಪಾಲು ಒಬ್ಬನೇ ಆಸ್ಥಾನ ಚಿತ್ರಕಾರನ ಕೆಲಸ. ಕೊನೆಯ ಪುಟಗಳಲ್ಲಿ ಅವನ ಜೀವನ ಚರಿತ್ರೆಯೂ ಇತ್ತು. ವಿಜಯಮ್ಮ ಇಂಗ್ಲಿಷನ್ನು ನಿಧಾನವಾಗಿ ಕೂಡಿಸಿ ಓದಿದರು. ಅವನು ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಒಬ್ಬ ದೊರೆಯ ಮನೆಯಿಂದ ಇನ್ನೊಬ್ಬ ದೊರೆಯ ಮನೆಗೆ ಗಾಡಿಯಲ್ಲಿ ಹೋಗುತ್ತಿದ್ದನಂತೆ. ರಾಣಿಯರನ್ನು ಬರೆದ, ಅವರ ಹೆಣ್ಣುಮಕ್ಕಳನ್ನು ಬರೆದ, ಆ ಮಕ್ಕಳ ಮಕ್ಕಳನ್ನೂ ಬರೆದ. ಹಲ್ಲಿಲ್ಲದವರಿಗೆ ಬಾಯಿ ಮುಚ್ಚಿಸಿದ, ಗಲ್ಲ ದಪ್ಪ ಇದ್ದವರಿಗೆ ಕತ್ತು ಉದ್ದ ಮಾಡಿದ. ಪ್ರತಿ ಚಿತ್ರದ ಕೆಳಗೆ ಅವನ ಹೆಸರು ಅಚ್ಚಾಗಿತ್ತು.

"ಏನು ಆಂಟಿ, ನಮ್ಮ ಆಸ್ಥಾನ ಕಲಾವಿದೆ ಓದಿದ್ದೇ ಓದಿದ್ದು," ಎಂದು ಲ್ಯಾನ್ಸ್‌ಲಾಟ್ ತಮಾಷೆ ಮಾಡಿದರು.

"ಆಸ್ಥಾನ ಇದೆ, ಸಂಬಳಾನೂ ಇದೆ. ಹೆಸರು ಹಾಕೋ ಜಾಗ ಎಲ್ಲಿದೆ ಹೇಳಪ್ಪ."

ಲ್ಯಾನ್ಸ್‌ಲಾಟ್ ನಕ್ಕರು. ಚಿತ್ರದ ಮೇಲೆ ಬರೆದವರು ಹೆಸರು ಹಾಕಬಾರದು ಎಂಬುದು ಕಂಪನಿಯ ನಿಯಮ. ಫ್ರೇಮಿನ ಕೆಳಗೆ ಕಂಪನಿಯ ಹೆಸರಿನ ಸಣ್ಣ ಹಿತ್ತಾಳೆ ತಗಡು ಹೊಡೆಯುತ್ತಿದ್ದರು. ಆ ತಗಡನ್ನು ಹೊಡೆಯುವ ಕೆಲಸವೂ ವಿಜಯಮ್ಮನದೇ ಆಗಿತ್ತು.

ಹೀಗೆ ವರ್ಷಗಳು ಕಳೆದ ಮೇಲೆ ಉಮ್ಮ್ ಜಾಬಿರ್ ಅವರ ಮನೆಯಿಂದ ಕರೆ ಬಂತು. ಇಲ್ಲಿ ಹಿರಿಯ ಹೆಂಗಸರನ್ನು ಅವರ ಮಗನ ಹೆಸರು ಹಿಡಿದು, ಇಂಥವನ ತಾಯಿ ಎಂದು ಕರೆಯುವುದು ಮರ್ಯಾದೆ. ಅವರ ಮಗನ ನಿಜವಾದ ಹೆಸರು ಜಾಬಿರ್ ಅಲ್ಲ. ಅದನ್ನು ಬದಲಿಸಿ ಬರೆಯಬೇಕೆಂದು ವಿಜಯಮ್ಮ ಹೇಳಿದ್ದಾರೆ.

ಆ ಅಜ್ಜಿ ಬತ್ತೂಲ ಹಾಕುವವರು. ಬತ್ತೂಲ ಎಂದರೆ ಇಲ್ಲಿನ ಹಳೆಯ ಕಾಲದ ಹೆಂಗಸರು ಮುಖಕ್ಕೆ ಕಟ್ಟಿಕೊಳ್ಳುವ ಗಟ್ಟಿ ಬಟ್ಟೆಯ ಮುಸುಕು. ಹಣೆ, ಮೂಗು, ಮೇಲ್ದುಟಿ ಮುಚ್ಚುತ್ತದೆ, ಕಣ್ಣು ಕಾಣುತ್ತದೆ. ನೀಲಿಯಲ್ಲಿ ಅದ್ದಿ ಉಜ್ಜಿ ಉಜ್ಜಿ ಮಾಡಿದ್ದರಿಂದ ತಗಡಿನ ಹಾಗೆ ಹೊಳೆಯುತ್ತದೆ. ಈಗಿನ ಹುಡುಗಿಯರು ಯಾರೂ ಹಾಕುವುದಿಲ್ಲ. ಉಮ್ಮ್ ಜಾಬಿರ್ ಮದುವೆಯಾದಾಗಿನಿಂದ ಹಾಕಿದ್ದಾರೆ, ಮನೆಯ ಒಳಗೂ ತೆಗೆಯುವುದಿಲ್ಲ.

ಮೊದಲ ದಿನ ಅವರ ಮೊಮ್ಮಗಳು ನೂರಾ ಪಕ್ಕದಲ್ಲಿದ್ದಳು. ಅಜ್ಜಿ ಹೇಳಿದ್ದನ್ನು ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ನಮ್ಮ ಮನೆಯಲ್ಲಿ ಎಲ್ಲರೂ ಮೂಗಿನ ವಿಷಯಕ್ಕೆ ಜಗಳ ಆಡ್ತಾರೆ," ಎಂದಳು ನೂರಾ. "ನನ್ನ ಮೂಗು ಅಜ್ಜಿಯದು ಅಂತ ಅಮ್ಮ ಹೇಳ್ತಾರೆ. ಇಲ್ಲ, ನಿನ್ನಪ್ಪನ ಕಡೆಯ ಮೂಗು ಅಂತ ಚಿಕ್ಕಮ್ಮ ಹೇಳ್ತಾರೆ. ಅಜ್ಜಿಯ ಮೂಗನ್ನ ಸರಿಯಾಗಿ ಯಾರೂ ನೋಡಿಲ್ಲ. ನಾನು ಹೋದ ಮೇಲೂ ಜಗಳ ಆಡ್ತಾರೆ, ಬರೆಸಿ ಇಟ್ಟುಬಿಡ್ತೀನಿ ಅಂತ ಅಜ್ಜಿ."

ಅಜ್ಜಿ ಬತ್ತೂಲದ ದಾರ ಬಿಚ್ಚಿ ಅದನ್ನು ಮಡಿಲಲ್ಲಿಟ್ಟುಕೊಂಡರು. ನೂರಾ ಮಾತು ನಿಲ್ಲಿಸಿ ನೋಡುತ್ತಾ ಕುಳಿತಳು. ಆಮೇಲೆ ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡಳು.

"ಮಾಫಿ ಫೋಟೋ," ಎಂದರು ಅಜ್ಜಿ ವಿಜಯಮ್ಮನಿಗೆ. ಫೋಟೋ ಕೂಡದು. ಮುಂದಿನದನ್ನು ನೂರಾ ಹೇಳಿದಳು. ಈ ಮುಖವನ್ನು ಮನೆಯ ಹೆಣ್ಣುಮಕ್ಕಳು ನೋಡಬೇಕು, ಬೇರೆ ಯಾರೂ ನೋಡಬಾರದು, ಹೊರಗಿನ ಹೆಂಗಸರೂ ನೋಡಬಾರದು. ಬರೆಯುವ ನೀವೊಬ್ಬರು ಬಿಟ್ಟು.

ಇಲ್ಲಿಯವರು ಮಾತು ಕೊಡುವಾಗ ಬೆರಳಿನಿಂದ ಮೂಗಿನ ತುದಿ ಮುಟ್ಟಿ "ಅಲಾ ಖಶ್ಮಿ" ಎನ್ನುತ್ತಾರೆ. ನನ್ನ ಮೂಗಿನ ಮೇಲೆ ಎಂದು ಅರ್ಥ. ಮೂಗು ಮಾನದ ಜಾಗ. ವಿಜಯಮ್ಮ ಅದನ್ನು ಅಂಗಡಿಗಳಲ್ಲಿ ನೋಡಿದ್ದರು. ತಮ್ಮ ಮೂಗುಬೊಟ್ಟಿನ ಪಕ್ಕದಲ್ಲಿ ಬೆರಳಿಟ್ಟು, "ಅಲಾ ಖಶ್ಮಿ" ಎಂದರು. ಅಜ್ಜಿಗೆ ಅದು ಎಷ್ಟು ಹಿಡಿಸಿತೆಂದರೆ ಅವರು ಇನ್ನೊಮ್ಮೆ ಹೇಳಿಸಿದರು.

ಆ ಮುಖ ಹೇಗಿತ್ತು ಎಂದು ವಿಜಯಮ್ಮ ಯಾರಿಗೂ ಹೇಳಿಲ್ಲ. ಆದ್ದರಿಂದ ಅದು ಈ ಬರಹದಲ್ಲೂ ಇಲ್ಲ. ಒಂದು ವಿಷಯ ಮಾತ್ರ ಹೇಳಬಹುದು ಎಂದರು. ಅದು ಆ ತಲೆಮಾರಿನ ಎಲ್ಲ ಹೆಂಗಸರಿಗೂ ಇರುವಂಥದ್ದು, ಮತ್ತು ಅದರಲ್ಲಿ ತಪ್ಪು ತಮ್ಮದು ಎಂಬ ಕಾರಣಕ್ಕೆ.

ವಾರಗಳ ಕೆಲಸದ ನಂತರ ಚಿತ್ರ ಮುಗಿಯಿತು ಎಂದುಕೊಂಡು ವಿಜಯಮ್ಮ ಸ್ಟ್ಯಾಂಡನ್ನು ಅಜ್ಜಿಯ ಕಡೆ ತಿರುಗಿಸಿದರು. ಅಜ್ಜಿ ಬಹಳ ಹೊತ್ತು ನೋಡಿ ನೂರಾಗೆ ಏನೋ ಕೇಳಿದರು. ನೂರಾ ಕೆಳತುಟಿ ಕಚ್ಚಿಕೊಂಡಳು.

"ಏನಂತೆ?"

"ಇದು ಯಾರು ಅಂತ ಕೇಳ್ತಿದ್ದಾರೆ."

ವಿಜಯಮ್ಮ ಮತ್ತೊಮ್ಮೆ ಚಿತ್ರದ ಕಡೆ ನೋಡಿದರು. ಮೂಗಿನ ಅಳತೆ ಸರಿಯಿತ್ತು, ಕಣ್ಣು ಸರಿಯಿತ್ತು. ಅಜ್ಜಿ ತಮ್ಮ ಕೆನ್ನೆಯ ಮೇಲೆ, ಮೂಗಿನ ಮೇಲೆ ಬೆರಳಾಡಿಸಿ ತೋರಿಸಿದರು. ಆ ಜಾಗಗಳಲ್ಲಿ ಚರ್ಮ ತೆಳುವಾಗಿ ನೀಲಿಯಾಗಿತ್ತು. ಬತ್ತೂಲದ ಬಣ್ಣ ಬೆವರಿನ ಜೊತೆ ಇಳಿದು ಇಳಿದು ಚರ್ಮದ್ದೇ ಆಗಿಹೋಗಿತ್ತು. ವಿಜಯಮ್ಮ ಅದನ್ನು ಕಂಡಿದ್ದರು. ಕಂಡ ಕೂಡಲೇ ಕೈ ತಾನಾಗಿ ಅದನ್ನು ತೆಗೆದು ಹಾಕಿತ್ತು. ನೀಲಿ ಇದ್ದಲ್ಲೆಲ್ಲ ಗುಲಾಬಿ ಹಚ್ಚಿ ಬೆಚ್ಚಗೆ ಮಾಡಿದ್ದರು. ಮೈಸೂರಿನ ಇಳಿಜಾರು ಮೇಜಿನ ಮುಂದೆ ಕಲಿತ ಕೈ ಅದು.

"ಅದು ಕೊಳೆ ಅಲ್ಲ ಅಂತೆ," ಎಂದಳು ನೂರಾ. "ಅವರ ಅಮ್ಮನಿಗೂ ಇತ್ತಂತೆ. ಅವರ ಅಪ್ಪ ಮುತ್ತು ತೆಗೆಯೋ ದೋಣಿಯಿಂದ ವಾಪಸು ಬಂದಾಗ, ಸಮುದ್ರ ಬಿಟ್ಟು ಬಂದ್ರೂ ಮನೆಯಲ್ಲಿ ಇನ್ನೊಂದು ಸಮುದ್ರ ಇದೆ ಅಂತ ನಗ್ತಿದ್ರಂತೆ. ಅದನ್ನ ತೆಗೆಯೋಕೆ ನಿಮಗೆ ಯಾರು ಹೇಳಿದ್ದು ಅಂತ ಕೇಳ್ತಿದ್ದಾರೆ."

ವಿಜಯಮ್ಮ ಅಲಗು ತೆಗೆದುಕೊಂಡು ಕೆನ್ನೆಯ, ಮೂಗಿನ ಬಣ್ಣವನ್ನು ಕೆರೆದು ಹಾಕಿದರು. ಅದಾದ ಮೇಲೆ ಅಜ್ಜಿಯ ಮಡಿಲಲ್ಲಿದ್ದ ಬತ್ತೂಲದ ಒಳಭಾಗವನ್ನು ಕೇಳಿ ಮುಟ್ಟಿದರು. ಬೆರಳ ತುದಿಗೆ ನೀಲಿ ಹತ್ತಿತು. ಅದನ್ನು ಒರೆಸದೆ, ಬೆರಳನ್ನು ಬಣ್ಣದ ಹಲಗೆಯ ಪಕ್ಕ ಹಿಡಿದುಕೊಂಡು ಆ ನೀಲಿಗೆ ಸರಿಹೊಂದುವವರೆಗೂ ಬಣ್ಣ ಕಲಸಿದರು. ಅದು ಸುಲಭವಾಗಿ ಬರಲಿಲ್ಲ. ಒಮ್ಮೆ ಬೂದಿಯಾಯಿತು, ಒಮ್ಮೆ ಏಟು ಬಿದ್ದ ಗಾಯದ ಹಾಗೆ ಕಂಡಿತು. ಕೊನೆಗೆ ಬಣ್ಣ ಸರಿಬಂದಾಗ ಅಜ್ಜಿ ಎದ್ದು ಹತ್ತಿರ ಬಂದು ನೋಡಿ, ನೂರಾಳ ತಲೆಯನ್ನು ಹಿಡಿದು ಚಿತ್ರದ ಮೂಗಿನ ಕಡೆ ತಿರುಗಿಸಿದರು. ಜಗಳ ಅಲ್ಲಿಗೆ ಖಲಾಸ್. ಯಾರು ಗೆದ್ದರು ಎಂದು ಕೇಳಬಾರದು.

ಇನ್ನು ಉಳಿದಿದ್ದು ಫ್ರೇಮು. ಈದ್ ಹಬ್ಬಕ್ಕೆ ಹೆಣ್ಣುಮಕ್ಕಳೆಲ್ಲ ಸೇರುವ ಹೊತ್ತಿಗೆ ಚಿತ್ರ ಗೋಡೆಯ ಮೇಲಿರಬೇಕು ಎಂದು ಅಜ್ಜಿಯ ಆಸೆ. ನೂರಾ ಫ್ರೇಮು ಆರಿಸಲು ಕಂಪನಿಗೆ ಬಂದವಳು, ಅಜ್ಜಿ ಬತ್ತೂಲ ಇಲ್ಲದೆ ಕೂತಿದ್ದಾರೆ, ಅದಕ್ಕೇ ಫ್ರೇಮು ಸರಳವಾಗಿರಲಿ ಎಂದು ಸಂತೋಷದಲ್ಲಿ ಹೇಳಿಬಿಟ್ಟಳು. ಅದು ಕಂಪನಿಯ ಯಜಮಾನರ ಕಿವಿಗೆ ಬಿತ್ತು.

ಮರುದಿನ ಯಜಮಾನರು ವಿಜಯಮ್ಮನನ್ನು ತಮ್ಮ ಕೋಣೆಗೆ ಕರೆಸಿದರು. ಹಿಂದೆ ಎಂದೂ ಕರೆಸಿರಲಿಲ್ಲ. ಕುರ್ಚಿ ತೋರಿಸಿ ಚಹಾ ತರಿಸಿದರು. ಅವರ ಇಂಗ್ಲಿಷನ್ನು ಲ್ಯಾನ್ಸ್‌ಲಾಟ್ ಕನ್ನಡದಲ್ಲಿ ಹೇಳಿದರು.

"ಆಂಟಿ, ಬಾಸ್ ಒಂದು ಪುಸ್ತಕ ಮಾಡ್ತಾರಂತೆ. ಆ ಜರ್ಮನ್ ಪುಸ್ತಕ ಉಂಟಲ್ಲ, ಹಾಗೆಯೇ. ನಿಮ್ಮ ಚಿತ್ರಗಳದ್ದು. ಹೆಂಗಸರಿಗೆ ಮಾತ್ರ ತೋರಿಸ್ಲಿಕ್ಕೆ. ಅದನ್ನು ಮನೆಮನೆಗೆ ತಕ್ಕೊಂಡು ಹೋಗುವವರೂ ನೀವೇ. ಗಂಡಸು ಒಬ್ಬ ಮುಟ್ಟುದಿಲ್ಲ. ಪ್ರತಿ ಚಿತ್ರದ ಅಡಿಯಲ್ಲಿ ನಿಮ್ಮ ಹೆಸರು. ವಿಜಯಮ್ಮ, ಮೈಸೂರು ಅಂತ ಪ್ರಿಂಟ್. ಸುರುವಿಗೆ ಈ ಅಜ್ಜಿಯ ಚಿತ್ರದ ಒಂದು ಫೋಟೋ ಸಾಕು, ಬಣ್ಣದ ಪೆಟ್ಟಿಗೆಯಲ್ಲಿ ಸಣ್ಣ ಕ್ಯಾಮರಾ ಇಟ್ಕೊಂಡು ಹೋದ್ರೆ ಆಯ್ತು. ಒಂದೇ ಒಂದು."

ವಿಜಯಮ್ಮ ಚಹಾದ ಲೋಟ ಕೆಳಗಿಟ್ಟರು. "ಯೋಚನೆ ಮಾಡಿ ಹೇಳ್ತೀನಿ," ಎಂದರು. ಅಲ್ಲೇ ಆಗಲ್ಲ ಎಂದು ಹೇಳಲಿಲ್ಲ ಎಂಬುದನ್ನು ಅವರೇ ಹೇಳಿದ್ದಾರೆ. ಆ ಎರಡು ಶಬ್ದ, ಹೆಸರು ಮತ್ತು ಊರು, ಅಚ್ಚಾಗಿರುವುದನ್ನು ಅವರು ಮನಸ್ಸಿನಲ್ಲಿ ಆಗಲೇ ನೋಡಿ ಆಗಿತ್ತು.

ಮನೆಯಲ್ಲಿ ಲಕ್ಷ್ಮೀಪತಿ ಚಪಾತಿ ಮುರಿಯುತ್ತಾ ಎಲ್ಲ ಕೇಳಿದರು.

"ಹೆಂಗಸರೇ ತಾನೇ ನೋಡೋದು? ಇದ್ರಲ್ಲಿ ತಪ್ಪೇನು?"

"ಹೊರಗಿನ ಹೆಂಗಸರೂ ಬೇಡ ಅಂದಿದಾರೆ."

"ಅವರಿಗೆ ಹೇಗೆ ಗೊತ್ತಾಗುತ್ತೆ, ವಿಜಯಾ?"

"ಗೊತ್ತಾಗಲ್ಲ."

"ಮತ್ತೆ?"

"ಅದಕ್ಕೇ ರೀ. ಗೊತ್ತಾಗೋ ಹಾಗಿದ್ರೆ ಹೆದರಿಕೊಂಡು ಸುಮ್ಮನಿದೀನಿ ಅಂತ ಆಗ್ತಿತ್ತು. ಗೊತ್ತಾಗಲ್ವಲ್ಲ, ಈಗ ಇರೋದು ನನ್ನ ಮಾತು ಒಂದೇ."

ಲಕ್ಷ್ಮೀಪತಿ ತಟ್ಟೆ ಸರಿಸಿ, "ನಿನ್ನ ಹೆಸರು ಬರ್ತಿತ್ತು," ಎಂದರು. ಅದನ್ನು ಅವರು ಕುಹಕದಿಂದ ಹೇಳಲಿಲ್ಲ. ಹೆಂಡತಿ ಚಿತ್ರಕಾರ್ತಿ ಎಂದು ಬಂದರಿನ ಆಫೀಸಿನಲ್ಲಿ ಹೇಳಿಕೊಂಡು, ತೋರಿಸು ಎಂದವರ ಮುಂದೆ ಪೆಚ್ಚಾಗಿದ್ದವರು ಅವರು.

"ಬರ್ತಿತ್ತು," ಎಂದರು ವಿಜಯಮ್ಮ. "ಅವರ ಮುಖದ ಕೆಳಗೆ ಬರ್ತಿತ್ತು. ನನ್ನನ್ನ ನಂಬಿ ಬಿಚ್ಚಿದ ಮುಖ ಅದು. ಅದ್ರ ಕೆಳಗೆ ವಿಜಯಮ್ಮ ಅಂತ ಬರೆದ್ರೆ, ಮಾತು ಮುರಿದವಳು ಇವಳು ಅಂತ ನಾನೇ ಸಹಿ ಹಾಕಿದ ಹಾಗೆ."

ಬೆಳಿಗ್ಗೆ ಹೋಗಿ ಲ್ಯಾನ್ಸ್‌ಲಾಟ್‌ಗೆ ಆಗಲ್ಲ ಎಂದರು. ಲ್ಯಾನ್ಸ್‌ಲಾಟ್ ಬೇಡಿಕೊಂಡರು. "ಮುಖ ಸ್ವಲ್ಪ ಮಸುಕು ಮಾಡುವ. ಕೈ ಮಾತ್ರ ತೆಗಿಯುವ. ನಂಗೂ ಮೇಲಿಂದ ಪ್ರೆಶರ್ ಉಂಟು ಆಂಟಿ."

"ಕೈಯೂ ಅವರದೇ ಅಲ್ವೇನಪ್ಪ?"

ಆಮೇಲೆ ಫ್ರೇಮು ಬರಲೇ ಇಲ್ಲ. ಕೇಳಿದರೆ, ಈ ಸಲ ಅಳತೆ ಸಾಲದು, ಚಿತ್ರವನ್ನೇ ವರ್ಕ್‌ಶಾಪಿಗೆ ತರಬೇಕು ಎಂದು ಉತ್ತರ ಬಂತು. ವಿಜಯಮ್ಮ ತಾವೇ ವರ್ಕ್‌ಶಾಪಿಗೆ ಹೋದರು. ಅಲ್ಲಿ ಫ್ರೇಮು ಮಾಡುವವರು ಅಬ್ದುಲ್ ಮಜೀದ್, ಉಳ್ಳಾಲದ ಕಡೆಯವರು.

"ಫ್ರೇಮು ರೆಡಿ ಉಂಟಮ್ಮಾ," ಎಂದು ಮಜೀದ್ ಮೆಲ್ಲಗೆ ಹೇಳಿದರು. ಗೋಡೆಗೆ ಒರಗಿಸಿ ಬಟ್ಟೆ ಮುಚ್ಚಿದ್ದನ್ನು ಕಣ್ಣಲ್ಲೇ ತೋರಿಸಿದರು. "ಅಳತೆ ಸರಿಯೇ ಇತ್ತು. ಚಿತ್ರ ಬಾರದೆ ಕೊಡಬಾರ್ದು ಅಂತ ಆರ್ಡರ್. ಬಂದ್ರೆ ಮೊದ್ಲು ಕ್ಯಾಮರಾದವ ಬರ್ತಾನಂತೆ. ನಾನು ಹೇಳಿದ್ದು ಅಂತ ಹೇಳ್ಬೇಡಿ. ಅಥವಾ ಹೇಳಿ. ನಂಗೇನು."

ಹೇಳಬಹುದು ಎಂದು ಮಜೀದ್ ಮತ್ತೊಮ್ಮೆ ಒಪ್ಪಿದ ಮೇಲೆಯೇ ಇದನ್ನು ಇಲ್ಲಿ ಬರೆದದ್ದು.

ವಿಜಯಮ್ಮ ವರ್ಕ್‌ಶಾಪಿನಿಂದ ನೇರವಾಗಿ ಯಜಮಾನರ ಕೋಣೆಗೆ ಹೋದರು. ಈ ಸಲ ಯಾರೂ ಕರೆದಿರಲಿಲ್ಲ, ಕುರ್ಚಿಯನ್ನೂ ತೋರಿಸಲಿಲ್ಲ. ಲ್ಯಾನ್ಸ್‌ಲಾಟ್ ಓಡಿ ಬಂದು ಬಾಗಿಲ ಹತ್ತಿರ ನಿಂತರು.

"ಫ್ರೇಮ್ ಕೊಡಿ," ಎಂದರು ವಿಜಯಮ್ಮ ಇಂಗ್ಲಿಷಿನಲ್ಲಿ.

ಯಜಮಾನರು ಕುರ್ಚಿಗೆ ಒರಗಿಕೊಂಡು ಸಮಾಧಾನವಾಗಿಯೇ ಮಾತಾಡಿದರು. ಬಣ್ಣ ಕಂಪನಿಯದು, ಕ್ಯಾನ್ವಾಸ್ ಕಂಪನಿಯದು, ನಿಮ್ಮ ಸಮಯವೂ ಕಂಪನಿಯದು, ಹಣ ಪೂರ್ತಿ ಬರುವವರೆಗೆ ಚಿತ್ರವೂ ಕಂಪನಿಯದೇ ಎಂದರು. ಲ್ಯಾನ್ಸ್‌ಲಾಟ್ ಕನ್ನಡ ಮಾಡಲು ಬಾಯಿ ತೆರೆದರು. ವಿಜಯಮ್ಮ ಕೈ ಎತ್ತಿ ತಡೆದರು.

"ಅರ್ಥ ಆಯ್ತಪ್ಪ. ಈಗ ನಾನು ಹೇಳೋದನ್ನ ಅವರಿಗೆ ಹೇಳು. ಬಣ್ಣ ಅವರದು. ಬಟ್ಟೆ ಅವರದು. ಹೊತ್ತೂ ಅವರದೇ ಇರ್ಲಿ. ಮುಖ ಅವರದಲ್ಲ."

ಲ್ಯಾನ್ಸ್‌ಲಾಟ್ ಹೇಳಿದರು. ಮೆಲ್ಲಗೆ ಹೇಳಿದರೂ ಒಂದು ಮಾತನ್ನೂ ಬಿಡಲಿಲ್ಲ.

ಯಜಮಾನರ ಸಮಾಧಾನ ಹೋಯಿತು. ಫೋಟೋ ಕೊಡಿ, ಇಲ್ಲವೇ ಹೊರಡಿ ಎಂದರು. ಆಮೇಲೆ, ಹೊರಟರೆ ನಿಮ್ಮನ್ನು ಯಾರು ತೆಗೆದುಕೊಳ್ಳುತ್ತಾರೆ, ಇಷ್ಟು ವರ್ಷದ ಕೆಲಸದಲ್ಲಿ ತೋರಿಸಲು ನಿಮ್ಮ ಹತ್ತಿರ ಒಂದು ಚಿತ್ರ ಇದೆಯೇ, ನೀವು ಚಿತ್ರ ಬರೆಯುತ್ತೀರಿ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಿದರು.

ಅದು ಮೈಸೂರಿನಲ್ಲಿ ಮುದ್ದುಕೃಷ್ಣರಿಗೂ ಆಗಿದ್ದೇ. ಮುದ್ದುಕೃಷ್ಣ ಆ ದಿನ ತಲೆ ತಗ್ಗಿಸಿಕೊಂಡು ಮನೆಗೆ ಬಂದಿದ್ದರು. ಮಗಳು ತಗ್ಗಿಸಲಿಲ್ಲ. ಬೆರಳಿನಿಂದ ಮೂಗಿನ ತುದಿ ಮುಟ್ಟಿ ಯಜಮಾನರಿಗೆ ತೋರಿಸಿದರು. ಅದರ ಅರ್ಥ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕತ್ತಿನಲ್ಲಿದ್ದ ಕಂಪನಿಯ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬಂದರು.

ಲ್ಯಾನ್ಸ್‌ಲಾಟ್ ಲಿಫ್ಟಿನವರೆಗೂ ಹಿಂದೆ ಬಂದರು. "ಆಂಟಿ, ನೀವು ಮಾಡಿದ್ದು ಸರಿ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ, ನನ್ನ ಕೆಲಸ ಹೋಗ್ತದೆ. ಮಗಳು ಕೇಳಿದ್ರೆ ಸರಿ ಅಂತ ಹೇಳ್ತೇನೆ."

"ಅಷ್ಟು ಸಾಕು. ಯಲ್ಲಾ, ಹೊರಡು, ನೀನು ಒಳಗೆ ಹೋಗಪ್ಪ."

ಅದೇ ಮಧ್ಯಾಹ್ನ ಅವರು ಟ್ಯಾಕ್ಸಿ ಹಿಡಿದು ಉಮ್ಮ್ ಜಾಬಿರ್ ಮನೆಗೆ ಹೋದರು. ಫೋನನ್ನು ಬಾಗಿಲಲ್ಲಿ ಕೊಟ್ಟರು. ನಡೆದದ್ದನ್ನು ನೂರಾಗೆ ಹೇಳಿ, ಫ್ರೇಮು ಸಿಗುವುದಿಲ್ಲ, ಬೇರೆ ಕಡೆ ಮಾಡಿಸಲು ಈದ್‌ಗೆ ಮುಂಚೆ ಆಗುವುದಿಲ್ಲ ಎಂದರು. ಅಜ್ಜಿ ಕೇಳಿಸಿಕೊಂಡು, ಮುಖದ ಮೇಲಿದ್ದ ಬತ್ತೂಲವನ್ನು ತಟ್ಟಿ ಏನೋ ಹೇಳಿ ನಕ್ಕರು.

"ಇದನ್ನ ಬಿಚ್ಚಿ ಬರೆಸಿದ ಮುಖ ಅದು, ಅದಕ್ಕೆ ಮತ್ತೆ ಅಂಚು ಕಟ್ಟಬೇಡಿ, ಬರಿದೇ ಇರಲಿ ಅಂತಾರೆ," ಎಂದಳು ನೂರಾ.

ಕ್ಯಾನ್ವಾಸಿನ ಹಿಂದಿನ ಮರಕ್ಕೆ ತಂತಿ ಕಟ್ಟಿ, ಏಣಿ ಹತ್ತಿ, ವಿಜಯಮ್ಮ ಅದನ್ನು ಅಜ್ಜಿಯ ಕೋಣೆಯಲ್ಲಿ ತೂಗುಹಾಕಿದರು. ಹಿತ್ತಾಳೆ ತಗಡು ಇರಲಿಲ್ಲ. ಚಿತ್ರದ ಬೆಲೆಯಲ್ಲಿ ಉಳಿದಿದ್ದನ್ನು ಆ ಮನೆಯವರು ಕಂಪನಿಗೆ ಕಟ್ಟಿ, ಆ ಕಂಪನಿಯ ಜೊತೆಗಿನ ವ್ಯವಹಾರ ಮುಗಿಸಿದರು. ಚಿತ್ರಕ್ಕೆ ಹೆಸರು ಹಾಕಿ ಎಂದು ನೂರಾ ಕುಂಚ ಕೈಗೆ ಕೊಟ್ಟಳಂತೆ. ಹಾಕಿದರೋ ಇಲ್ಲವೋ ಎಂದು ಕೇಳಿದರೆ ವಿಜಯಮ್ಮ, "ಅದು ಆ ಮನೆ ಒಳಗಿನ ವಿಷಯ," ಎನ್ನುತ್ತಾರೆ.

ಮನೆಗೆ ಬಂದಾಗ ಲಕ್ಷ್ಮೀಪತಿ ಎಲ್ಲ ಕೇಳಿ, "ಒಂದು ಫೋಟೋಗೋಸ್ಕರ ಕೆಲಸ ಬಿಟ್ಟಳು ಅಂತ ಎಲ್ರಿಗೂ ಹೇಳ್ಲಾ?" ಎಂದರು.

"ಹೇಳಿ. ಅದನ್ನೇ ಹೇಳಿ. ಜೋರಾಗಿ ಹೇಳಿ."

ಅವರು ಹೇಳಿದರು. ಹಮದ್ ಬಂದರಿಗೆ ಹೋಗುವ ವ್ಯಾನಿನಲ್ಲಿ ಈಗ ಆ ಕತೆ ಎಲ್ಲರಿಗೂ ಬಾಯಿಪಾಠ.

ಆದರೆ ಯಜಮಾನರು ಹೇಳಿದ್ದು ಸುಳ್ಳಾಗಲಿಲ್ಲ. ವಿಜಯಮ್ಮ ಹೋದ ಅಲಂಕಾರದ ಕಂಪನಿಗಳೆಲ್ಲ ಮೊದಲು ಕೇಳಿದ್ದು, ಹಳೆಯ ಕೆಲಸದ ಫೋಟೋ ತೋರಿಸಿ ಎಂದು. ಇಲ್ಲ ಎಂದರೆ ನಕ್ಕು ಕಳಿಸಿದರು. ಒಬ್ಬರು, ಬೇರೆ ಯಾರಾದರೂ ಬರೆದ ಚಿತ್ರದ ಫೋಟೋ ಇಟ್ಟುಕೊಂಡು ಬನ್ನಿ, ನಾವು ಕೇಳುವುದಿಲ್ಲ ಎಂದು ಉಪಾಯವನ್ನೂ ಹೇಳಿಕೊಟ್ಟರು. ವಿಜಯಮ್ಮ ಅವರ ಮೇಜಿನ ಮೇಲಿದ್ದ ನೀರನ್ನೂ ಕುಡಿಯದೆ ಎದ್ದು ಬಂದರು. ಹೀಗೆ ಬೇಸಿಗೆ ಪೂರ್ತಿ ಅಲೆದರು. ಕೈಯಲ್ಲಿ ಏನೂ ಹಿಡಿಯದೆ ಅಲೆದರು.

ಕೊನೆಗೆ ಮಜೀದ್ ಹೇಳಿ ಕಳಿಸಿದ ಒಂದು ಅಂಗಡಿಗೆ ಹೋದರು. ಅದು ಅಲ್ ಮುಂತಜಾದಲ್ಲೇ, ಫ್ರೇಮು ಮತ್ತು ಕನ್ನಡಿ ಮಾರುವ ಅಂಗಡಿ. ನಡೆಸುವವರು ಮೊಯ್ದಿನ್ ಕುಂಞಿ. ದಪ್ಪ ಕನ್ನಡಕ, ಎಡಗೆನ್ನೆಯ ಮೇಲೆ ಕೂದಲಿರುವ ಒಂದು ದೊಡ್ಡ ಮಚ್ಚೆ. ಅವರು ಗಲ್ಲಾದ ಹಿಂದೆ ನಿಂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಿದ್ದರು.

"ಮಜೀದ್ ಹೇಳಿದ. ಪೋರ್ಟ್ರೇಟ್ ಮಾಡ್ತೀರಂತೆ. ಸ್ಯಾಂಪಲ್ ಉಂಟಾ ಅಮ್ಮಾ?"

"ಇಲ್ಲ."

"ಫೋನಲ್ಲಿ ಫೋಟೋ?"

"ಅದೂ ಇಲ್ಲ. ಇರೋದೂ ಇಲ್ಲ. ಇಲ್ಲಿ ಸೇರಿಸಿಕೊಂಡ್ರೂ ಯಾವ ಮನೆ ಫೋಟೋನೂ ತರಲ್ಲ. ಮೊದ್ಲೇ ಹೇಳಿಬಿಡ್ತೀನಿ."

"ಇದು ಒಳ್ಳೆ ಕಥೆ ಮಾರಾಯ್ರೆ. ಮತ್ತೆ ನಾನು ಹೇಗೆ ನಂಬುದು?"

"ಕೂತ್ಕೊಳ್ಳಿ," ಎಂದರು ವಿಜಯಮ್ಮ.

ಮೊಯ್ದಿನ್ ಕುಂಞಿ ಆಚೆ ಈಚೆ ನೋಡಿ ಸ್ಟೂಲಿನ ಮೇಲೆ ಕೂತರು. ವಿಜಯಮ್ಮ ಫ್ರೇಮಿನ ಹಿಂದೆ ಹಾಕುವ ಒಂದು ರಟ್ಟು ಎತ್ತಿಕೊಂಡರು. ಅಳತೆ ಗುರುತು ಹಾಕುವ ಪೆನ್ಸಿಲು ಗಲ್ಲಾದ ಮೇಲಿತ್ತು. ಗಿರಾಕಿಗಳು ಬಂದರು, ಕಾದರು, ಕೆಲವರು ಹೋಗದೆ ಹಿಂದೆ ನಿಂತು ನೋಡಿದರು. ಮೊಯ್ದಿನ್ ಕುಂಞಿ ಮಾತಾಡಲು ಹೋದಾಗಲೆಲ್ಲ, "ಬಾಯಿ ಅಲ್ಲಾಡಿಸಬೇಡಿ" ಎಂದು ಗದರಿಸಿಕೊಂಡರು. ಚಹಾ ತಣ್ಣಗಾಯಿತು.

ಮುಗಿದ ಮೇಲೆ ರಟ್ಟನ್ನು ತಿರುಗಿಸಿ ಗಲ್ಲಾದ ಮೇಲಿಟ್ಟರು. ಮೊಯ್ದಿನ್ ಕುಂಞಿ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಹಿಂದೆ ನಿಂತಿದ್ದ ಒಬ್ಬ ಗಿರಾಕಿ, "ಕಾಕಾ, ನೀವೇ ಇದ್ದೀರಿ ಇದ್ರಲ್ಲಿ," ಎಂದ.

"ನಾನೇ ಹೌದು," ಎಂದು ಮೊಯ್ದಿನ್ ಕುಂಞಿ ಕೆನ್ನೆ ಮುಟ್ಟಿಕೊಂಡರು. "ಈ ಮಚ್ಚೆ ಸ್ವಲ್ಪ ಸಣ್ಣ ಮಾಡ್ಬಹುದಿತ್ತು."

"ಮಾಡಬಹುದಿತ್ತು," ಎಂದರು ವಿಜಯಮ್ಮ. "ಮಾಡಲ್ಲ."

"ಕೂದಲಾದ್ರೂ?"

"ಅದೂ ಇರುತ್ತೆ."

ಮೊಯ್ದಿನ್ ಕುಂಞಿ ಇನ್ನೊಂದು ಲೋಟ ಸುಲೈಮಾನಿ ತರಿಸಿ ಅವರ ಮುಂದೆ ಇಟ್ಟು, ಹಿಂದಿನ ಕೋಣೆಯಲ್ಲಿ ಒಡೆದ ಕನ್ನಡಿಗಳನ್ನು ಒತ್ತರಿಸಿ ಜಾಗ ಮಾಡಲು ಕೆಲಸದವನಿಗೆ ಕೂಗಿ ಹೇಳಿದರು.